ನಮ್ಮ ಬಿಡುವು, ನಮ್ಮ ಕ್ಯಾಮರಾ
(ನಾರಾಯಣಗೂಡದಲ್ಲಿ ನಡೆದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ನಿಸರ್ಗದ ಛಾಯಾಚಿತ್ರ ಹಾಗೂ ಚಿತ್ರಸ್ಪರ್ಧೆಗಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ‘ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರಿಗೆ ಈ ಷೋಕಿ ಏತಕ್ಕೆ?’ ಎಂದು ನಮ್ಮಲ್ಲೇ ಕೆಲವರು ನಕ್ಕರು. ಅವರಿಗೆ ಉತ್ತರ ಹೇಳಿಯೇ ಮುಂದೆ ಹೋಗುವುದು ಲೇಸು.

ರಾಜಾ ದೀನ್ ದಯಾಳರ ಹೆಸರನ್ನು ಈ ಊರಿನ ಹಿರಿಯರು ಕೇಳಿರುತ್ತಾರೆ. 1844ರಲ್ಲಿ ಹುಟ್ಟಿದ ಅವರು ಮೊದಲು ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆಯ ನಕ್ಷೆಗಾರರು. ನಮ್ಮ ಹಾಗೆಯೇ ಸಂಬಳದ ಮೇಲೆ ಬದುಕಿದವರು. ನೌಕರಿಯಲ್ಲಿದ್ದಾಗಲೇ, 1874ರ ಸುಮಾರಿಗೆ, ಕ್ಯಾಮರಾ ಹಿಡಿದರು. ಮುಂದೆ ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿ ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು. ಆಗ ಭಾರದ ಪೆಟ್ಟಿಗೆ, ಗಾಜಿನ ಫಲಕಗಳನ್ನು ಹೊತ್ತು ತಿರುಗಬೇಕಿತ್ತು. ಇಂದು ನಮ್ಮ ಅಂಗಿಯ ಜೇಬಿನ ಫೋನಿನಲ್ಲೇ ಕ್ಯಾಮರಾ ಇದೆ. ಇನ್ನು ಬೇಕಾದದ್ದು ನೋಡುವ ಕಣ್ಣು ಮಾತ್ರ.

ನೋಡುವುದಕ್ಕೆ ದೂರ ಹೋಗಬೇಕಾಗಿಲ್ಲ. ನಾರಾಯಣಗೂಡದಿಂದ ನಡೆದುಹೋಗುವಷ್ಟು ದೂರದಲ್ಲಿ ಹುಸೇನ್ ಸಾಗರವಿದೆ. ಅದರ ಕಟ್ಟೆ ಕೆರೆಯ ಮೂಡಣಕ್ಕಿರುವುದರಿಂದ, ಟ್ಯಾಂಕ್ ಬಂಡಿನ ಮೇಲೆ ನಿಂತರೆ ನೀರಿನಾಚೆ ಸೂರ್ಯ ಮುಳುಗುವುದು ಕಾಣುತ್ತದೆ. ಊರಿನ ಸುತ್ತ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು ಅದು. ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಸವೆದು, ಗುಂಡಗಾಗಿ ಒಂದರ ಮೇಲೊಂದು ಕೂತಿವೆ. ರಾಯಚೂರು, ಹಂಪಿಗಳ ಕಡೆಯಿಂದ ಬಂದವರಿಗೆ ಅವು ನೆಂಟರಂತೆ ಕಾಣುತ್ತವೆ. ಆದರೆ ಬಂಜಾರಾ ಹಿಲ್ಸಿನಂಥ ಕಡೆ ಮನೆಗಳಿಗಾಗಿ ಎಷ್ಟೋ ಬಂಡೆಗಳನ್ನು ಸಿಡಿಸಿಯಾಯಿತು. ಉಳಿದವನ್ನು ಕಾಪಾಡಲೆಂದೇ ಈ ಊರಿನಲ್ಲಿ ಒಂದು ಸಂಘ ಹುಟ್ಟಿಕೊಂಡಿತು. ಇಂದು ನಾವು ತೆಗೆದ ಚಿತ್ರ ನಾಳೆ ಇಲ್ಲದ ಬಂಡೆಗೆ ಸಾಕ್ಷಿಯಾದೀತು.

ಕೆಲಸದ ಮಾತು ಎರಡು. ಅಡಿಗೆಮನೆಯ ಹಬೆ, ಎಣ್ಣೆ ಫೋನಿನ ಗಾಜಿಗೆ ಅಂಟಿರುತ್ತವೆ. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿಯೇ ಚಿತ್ರ ತೆಗೆಯಬೇಕು. ನಡುಹಗಲಿನ ಬಿಸಿಲಿಗಿಂತ ಬೆಳಗಿನ, ಸಂಜೆಯ ಓರೆ ಬೆಳಕು ಒಳ್ಳೆಯದು. ಅದರಲ್ಲಿ ಕಲ್ಲಿನ ಉಬ್ಬುತಗ್ಗು ಕಾಣುತ್ತದೆ. ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಆ ಬೆಳಕು ದಾರಿಯಲ್ಲೇ ಸಿಗುತ್ತದೆ, ಹೋಟೆಲಿನವರಿಗೆ ವಾರದ ರಜೆಯಲ್ಲಿ. ಒಂದೇ ಜಾಗಕ್ಕೆ ಹತ್ತು ಸಲ ಹೋಗಿರಿ. ಹತ್ತನೆಯ ಸಲ ಅದು ತನ್ನ ಮುಖ ತೋರಿಸುತ್ತದೆ.

ಇನ್ನು ಸ್ಪರ್ಧೆ. ಅಲ್ಲಿ ಮೊದಲು ಬೇಕಾದದ್ದು ಸತ್ಯ. ಲಂಡನ್ನಿನಲ್ಲಿ ವನ್ಯಜೀವಿ ಚಿತ್ರಗಳ ಪ್ರಸಿದ್ಧ ಸ್ಪರ್ಧೆಯೊಂದು ನಡೆಯುತ್ತದೆ. 2009ರಲ್ಲಿ ಅಲ್ಲಿ ಗೆದ್ದದ್ದು ಬೇಲಿ ಹಾರುವ ತೋಳದ ಚಿತ್ರ. ಅದು ಸಾಕಿದ ತೋಳವಾಗಿರಬೇಕೆಂದು ತೀರ್ಪುಗಾರರು ನಿರ್ಣಯಿಸಿ, 2010ರಲ್ಲಿ ಬಹುಮಾನ ಹಿಂದಕ್ಕೆ ಪಡೆದರು. ತೆಗೆದವರು ಆರೋಪವನ್ನು ಒಪ್ಪಲಿಲ್ಲ, ಬಹುಮಾನವಂತೂ ಹೋಯಿತು. ಚಿತ್ರ ಎಷ್ಟು ಚೆಂದವಿದ್ದರೂ ನಂಬಿಕೆ ಹೋದ ಮೇಲೆ ಉಳಿಯುವುದೇನು? ಆಕಾಶಕ್ಕೆ ಇಲ್ಲದ ಮೋಡ ಸೇರಿಸುವುದಾಗಲಿ, ಚಿತ್ರಕ್ಕಾಗಿ ಹಕ್ಕಿಯ ಗೂಡು ಕೆದಕುವುದಾಗಲಿ ನಮಗೆ ಬೇಡ.

ಎರಡನೆಯದು ಹಕ್ಕು. ನಮ್ಮ ಜೊತೆಯ ಸಪ್ಲೈಯರ್ ಒಬ್ಬರು ಕೆರೆಯ ಮೇಲಿನ ಸಂಜೆಯ ಚಿತ್ರವೊಂದನ್ನು ಸ್ಪರ್ಧೆಗೆ ಕಳಿಸಿದರು. ಪ್ರವೇಶ ಶುಲ್ಕವನ್ನು ಸಂಬಳದಿಂದಲೇ ಕಟ್ಟಿದರು. ಬಹುಮಾನ ಬರಲಿಲ್ಲ, ಚಿತ್ರ ಮಾತ್ರ ಮರುವರ್ಷ ಒಂದು ಕ್ಯಾಲೆಂಡರಿನಲ್ಲಿ ಬಂತು. ಹೆಸರಿಲ್ಲ, ಕಾಸಿಲ್ಲ. ಕೇಳಲು ಹೋದರೆ, ‘ಸಹಿ ಮಾಡಿದ್ದೀರಲ್ಲಾ’ ಎಂದು ನಿಯಮದ ಕೊನೆಯ ಸಾಲು ತೋರಿಸಿದರು. ಅವರು ಬಂದು ನಮ್ಮ ಪಕ್ಕದಲ್ಲಿ ಸುಮ್ಮನೆ ಕೂತರು. ಆ ನಿಯಮವನ್ನು ಅವರೂ ಓದಿರಲಿಲ್ಲ, ನಾವೂ ಓದಿ ಹೇಳಿರಲಿಲ್ಲ.

ಬಂಧುಗಳೇ, 1957ರ ಕೃತಿಸ್ವಾಮ್ಯ ಕಾನೂನಿನ ಪ್ರಕಾರ, ನಮ್ಮ ಬಿಡುವಿನಲ್ಲಿ ನಮಗಾಗಿ ತೆಗೆದ ಚಿತ್ರಕ್ಕೆ ಮೊದಲ ಒಡೆಯರು ನಾವೇ. 2012ರ ತಿದ್ದುಪಡಿಯ ನಂತರ ಆ ಹಕ್ಕು ನಮ್ಮ ಜೀವಮಾನವಿಡೀ, ಆಮೇಲೆ 60 ವರ್ಷ ಇರುತ್ತದೆ. ಬರವಣಿಗೆಯಲ್ಲಿ ಬಿಟ್ಟುಕೊಟ್ಟರೆ ಮಾತ್ರ ಅದು ಕೈಬಿಡುತ್ತದೆ. ಕೂಲಿಯ ಕರಾರನ್ನು ಓದುವ ಹಾಗೆ ಸ್ಪರ್ಧೆಯ ನಿಯಮವನ್ನೂ ಓದೋಣ. ಶುಲ್ಕವೆಷ್ಟು, ತೀರ್ಪುಗಾರರು ಯಾರು, ಸೋತ ಚಿತ್ರ ಯಾರ ಸ್ವತ್ತು? ಇಂಗ್ಲಿಷ್ ಬಾರದಿದ್ದರೆ ನಾಚಿಕೆ ಬೇಡ. ಸಂಘಕ್ಕೆ ತನ್ನಿ, ಕೂಡಿ ಓದೋಣ.

ದುಡಿಮೆಯನ್ನು ನಾವು ಸಂಬಳಕ್ಕೆ ಮಾರಿದ್ದೇವೆ. ಬಿಡುವಿನಲ್ಲಿ ಕಣ್ಣಾರೆ ಕಂಡದ್ದು ನಮ್ಮದು. ಅದನ್ನು ಓದದೆ ಸಹಿ ಹಾಕಿ ಕೊಡುವುದು ಬೇಡ. ಬರುವ ರಜೆಯ ದಿನ ಸಂಜೆ ಟ್ಯಾಂಕ್ ಬಂಡಿನ ಮೇಲೆ ಸೇರೋಣ. ಫೋನಿನ ಗಾಜು ಒರೆಸಿಕೊಂಡು ಬನ್ನಿ.