ಕಾವಲಿನ ಬೇಟೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿನ ಸಹೋದ್ಯೋಗಿಗಳ ಜೊತೆ ಒಮ್ಮೆ ಬೇಟೆಗೆ ಹೋಗಿಬಂದ ಸಂಗತಿಯನ್ನು ಅವನು ನನಗೆ ಬರೆದಿದ್ದ. ಶುಕ್ರವಾರ ಸಂಜೆ ಕಾರಿನಲ್ಲಿ ಹೊರಡುವುದು. ಕುರುಚಲು ಬಯಲಿನ ನಡುವೆ ಬೇಲಿ ಹಾಕಿದ ವಿಸ್ತಾರವಾದ ಜಮೀನಿನಲ್ಲಿ ತಂಗುವುದು. ಬೆಳಗಿನ ಜಾವಕ್ಕೆದ್ದು ದಾರಿ ತೋರಿಸುವವನ ಹಿಂದೆ ಸದ್ದಿಲ್ಲದೆ ನಡೆಯುವುದು. ಇಂಪಾಲವೋ ಕುಡುವೋ ಸಿಕ್ಕಿದರೆ ಹೊಡೆಯುವುದು. ಭಾನುವಾರ ರಾತ್ರಿ ಮನೆ ಸೇರಿ ಸೋಮವಾರ ಕಚೇರಿಗೆ ಹಾಜರಾಗುವುದು. ಯಾವ ಪ್ರಾಣಿಗೆ ಎಷ್ಟು ಹಣವೆಂಬ ಪಟ್ಟಿಯನ್ನು ಮೊದಲೇ ಕೈಗೆ ಕೊಟ್ಟಿದ್ದರಂತೆ. ಪ್ರಾಣಿ ಗಾಯಗೊಂಡು ತಪ್ಪಿಸಿಕೊಂಡರೂ ಹಣವನ್ನು ತೆರಲೇಬೇಕು. "ನಾನು ಕೋವಿ ಮುಟ್ಟಲಿಲ್ಲ ಗುರುಗಳೇ. ಆದರೆ ರಾತ್ರಿ ಬೆಂಕಿಯ ಸುತ್ತ ಕುಳಿತಾಗ ತರಗತಿಯಲ್ಲಿ ನೀವು ಹೇಳುತ್ತಿದ್ದ ನಿಮ್ಮ ದೊಡ್ಡಪ್ಪನವರ ಬೇಟೆ ನೆನಪಾಯಿತು" ಎಂದು ಕಾಗದದ ಕೊನೆಯಲ್ಲಿ ಬರೆದಿದ್ದ.

ಆ ಮಾತೇ ಈ ಭಾಷಣಕ್ಕೆ ಕಾರಣ. ಏಕೆಂದರೆ ಇಂಥ ಎರಡು ದಿನದ ಬೇಟೆ ನಮ್ಮ ದುರ್ಗದ ಸೀಮೆಯಲ್ಲಿಯೂ ಇತ್ತು. ಬೇಲಿಯೂ ಇರಲಿಲ್ಲ, ಹಣದ ಪಟ್ಟಿಯೂ ಇರಲಿಲ್ಲ. ಬಯಲು ಮಾತ್ರ ಇತ್ತು.

ಚಿತ್ರದುರ್ಗವೆಂದರೆ ಹೊರಗಿನವರ ಕಣ್ಣಿಗೆ ಕಾಣುವುದು ಕಲ್ಲಿನ ಕೋಟೆ ಒಂದೇ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ಗುಡ್ಡದ ಸಾಲು ಮುಗಿದಲ್ಲಿ ಎಂಥ ಹುಲ್ಲುಗಾವಲುಗಳಿದ್ದವೆಂಬುದು ಅವರಿಗೆ ತಿಳಿಯದು. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಯ ದನಗಳಿಗೆಂದು ಬಿಟ್ಟಿದ್ದ, ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತ ಮಹಲ್ ಎಂದು ಹೆಸರಾದ ಕಾವಲುಗಳಿವು. ದನ ಮೇಯುವಲ್ಲಿ ಜಿಂಕೆಯೂ ಮೇಯುತ್ತಿತ್ತು. ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಪೇಟೆಯ ಮಕ್ಕಳು ಮೈಮೇಲೆ ಚುಕ್ಕೆಯಿರುವುದನ್ನೇ ಜಿಂಕೆ ಎನ್ನುತ್ತಾರೆ. ನಮ್ಮ ಬಯಲಿನ ಜಿಂಕೆ ಅದಲ್ಲ. ಇದು ಕೃಷ್ಣಮೃಗ, ಹಳಗನ್ನಡದವರು ಎರಲೆ ಎಂದೂ ಪುಲ್ಲೆ ಎಂದೂ ಕರೆದ ಜಾತಿಗೆ ಸೇರಿದ್ದು. ಬಲಿತ ಗಂಡು ಬೆನ್ನು ಕಪ್ಪು, ಹೊಟ್ಟೆ ಬಿಳುಪು, ತಿರುಚಿದ ಎರಡು ಕೊಂಬು. ಹೆಣ್ಣು ಕಂದು ಬಣ್ಣದ್ದು, ಅದಕ್ಕೆ ಸಾಮಾನ್ಯವಾಗಿ ಕೊಂಬಿಲ್ಲ.

ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಅಂಥ ಒಂದು ಜೊತೆ ಕೊಂಬು ಇತ್ತು. ನಾನು ಹುಟ್ಟುವುದಕ್ಕೆ ಮೊದಲಿನಿಂದಲೂ ಇತ್ತು. ದೊಡ್ಡಪ್ಪನವರ ರುಮಾಲನ್ನು ಅದಕ್ಕೆ ತಗುಲಿಹಾಕುತ್ತಿದ್ದರು. ಎಲ್ಲಿಂದ ತಂದದ್ದೆಂದು ನಾವು ಹುಡುಗರು ಕೇಳಿದರೆ, "ಕಾವಲಾಗೆ ಉದುರಿ ಬಿದ್ದಿತ್ತು ಕಣ್ರೋ, ಎತ್ಕೊಂಡ್ ಬಂದೆ" ಎನ್ನುತ್ತಿದ್ದರು. ನಾವು ನಂಬಿದ್ದೆವು.

ಆದರೆ ಬೇಟೆಯ ಕಥೆಯನ್ನು ಅವರು ಮುಚ್ಚಿಡುತ್ತಿರಲಿಲ್ಲ. ಶನಿವಾರ ಸಂಜೆಗೆ ಹೊಳಲ್ಕೆರೆ ಕಡೆಯಿಂದ ಅವರ ಗೆಳೆಯರಿಬ್ಬರು ಬರುವರು. ನಾಯಕ ಜನಾಂಗದ ಹಿರಿಯರೊಬ್ಬರು ಹೆಜ್ಜೆ ನೋಡುವುದರಲ್ಲಿ ನಿಪುಣರು, ಅವರಿಲ್ಲದೆ ಹೊರಡುವಂತಿಲ್ಲ. ರಾತ್ರಿ ಮುದ್ದೆ ಉಂಡು, ತೋಟಾಗಳನ್ನು ಎಣಿಸಿಕೊಂಡು ಮಲಗುವುದು. ಕೋಳಿ ಕೂಗುವುದಕ್ಕೆ ಮೊದಲೇ ಗಾಡಿ ಕಟ್ಟುವುದು.

ಗಾಡಿಯೇಕೆ ಎಂದರೆ, ಬೇಟೆಯ ಗುಟ್ಟೆಲ್ಲ ಅದರಲ್ಲಿಯೇ ಇದೆ. ಬಯಲಿನಲ್ಲಿ ಅಡಗಲು ಮರವಿಲ್ಲ, ಪೊದೆಯಿಲ್ಲ. ನಡೆದು ಬರುವ ಮನುಷ್ಯನನ್ನು ಜಿಂಕೆ ಬಹು ದೂರದಿಂದಲೇ ಗುರುತಿಸುತ್ತದೆ. ಮೊದಲು ಒಂದು ಹೆಣ್ಣು ಚೆಂಡಿನಂತೆ ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ. ಮರುಕ್ಷಣ ಹಿಂಡೆಲ್ಲ ನೆಗೆನೆಗೆದು ಮಾಯ. ಎತ್ತಿನ ಗಾಡಿಗೆ ಮಾತ್ರ ಅದು ಹೆದರದು. ದಿನವೂ ಕಾಣುವ ವಸ್ತು, ತನ್ನ ಪಾಡಿಗೆ ಹೋಗುತ್ತದೆ ಎಂಬ ವಿಶ್ವಾಸ. ಆ ವಿಶ್ವಾಸವನ್ನೇ ಬೇಟೆಗಾರ ಮರೆ ಮಾಡಿಕೊಳ್ಳುತ್ತಿದ್ದ. ಗಾಡಿಯನ್ನು ಹಿಂಡಿನ ಕಡೆಗೆ ನೇರವಾಗಿ ಬಿಡಬಾರದು. ಬೇರೆಲ್ಲಿಗೋ ಹೋಗುವಂತೆ ಸುತ್ತು ಹಾಕಿಸಬೇಕು. ಎರಡನೆಯ ಸುತ್ತು ಮೊದಲನೆಯದಕ್ಕಿಂತ ಕಿರಿದಾಗಬೇಕು, ಮೂರನೆಯದು ಇನ್ನೂ ಕಿರಿದು. ಗಾಡಿ ಹೊಡೆಯುವವನು ಎತ್ತಿನೊಡನೆ ಎಂದಿನ ದನಿಯಲ್ಲಿಯೇ ಮಾತನಾಡಬೇಕು, ಸುಮ್ಮನಾದರೆ ಕೆಟ್ಟಿತು. ಕೋವಿ ಹಿಡಿದವನು ಆಚೆಯ ಗಾಲಿಯ ಮಗ್ಗುಲಲ್ಲಿ ಬಗ್ಗಿ ನಡೆಯುತ್ತಾ ಬಂದು ಒಂದು ಕಡೆ ನೆಲಕ್ಕೆ ಕೂರುತ್ತಾನೆ. ಗಾಡಿ ನಿಲ್ಲುವುದಿಲ್ಲ. ಜಿಂಕೆಯ ಕಣ್ಣೆಲ್ಲ ಸಾಗುವ ಗಾಡಿಯ ಮೇಲೆ. ಕುಳಿತವನನ್ನು ಅದು ನೋಡುವುದೇ ಇಲ್ಲ. ಆಗ ಒಂದು ಗುಂಡು. ತಪ್ಪಿದರೆ ಆ ದಿನ ಮುಗಿಯಿತು.

ಒಂದು ಭಾನುವಾರಕ್ಕೆ ಒಂದು ಗಂಡು. ಹೆಣ್ಣನ್ನು ಹೊಡೆಯುವಂತಿಲ್ಲ. ಎಷ್ಟೋ ಸಲ ಬರಿಗೈಯಲ್ಲಿ ಬಂದು ಉಪ್ಪುಸಾರಿನಲ್ಲಿ ಉಂಡದ್ದೂ ಉಂಟು. ಸಿಕ್ಕಿದರೆ ಗಾಡಿಯವನಿಗೆ ಮೊದಲ ಪಾಲು, ಹೆಜ್ಜೆ ನೋಡಿದವರಿಗೆ ಎರಡನೆಯದು, ಕೋವಿಯವನಿಗೆ ಕೊನೆಯದು. ಈ ಕೊನೆಯ ನಿಯಮವನ್ನು ಹೇಳುವಾಗ ದೊಡ್ಡಪ್ಪನವರಿಗೆ ಬಹಳ ಹೆಮ್ಮೆ.

ನಾನು ಕನ್ನಡ ಪಂಡಿತ. ಬೇಟೆಯೆಂದೊಡನೆ ನನ್ನ ಮನಸ್ಸು ಕಾವ್ಯ ಶಾಸನಗಳ ಕಡೆ ಹೊರಳುವುದು ಸಹಜ. ಬೇಡ, ಬೇಟೆ ಎರಡೂ ಒಂದೇ ಬೇರಿನ ಮಾತುಗಳು. ತಮಿಳಿನಲ್ಲಿ ವೇಡನ್, ವೇಟ್ಟೈ ಎಂದಿದ್ದಂತೆ. ಬೇಡ ನಾಯಕರೇ ಈ ದುರ್ಗವನ್ನು 1779ರವರೆಗೆ ಆಳಿದರೆಂಬುದನ್ನು ಜ್ಞಾಪಿಸಬೇಕಾಗಿಲ್ಲ. ರಾಘವಾಂಕನ ಹರಿಶ್ಚಂದ್ರನು ವಿಶ್ವಾಮಿತ್ರನ ಆಶ್ರಮವನ್ನು ಸೇರಿ ಕಷ್ಟಕ್ಕೆ ಸಿಕ್ಕಿಕೊಂಡದ್ದು ಬೇಟೆಯ ದಾರಿಯಿಂದಲೇ. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಸುಮಾರು 950ರ ಆತಕೂರಿನ ಶಾಸನ. ಮಣಲೇರನೆಂಬ ವೀರ ತನ್ನ ಶೌರ್ಯಕ್ಕೆ ಬಹುಮಾನವಾಗಿ ಪಡೆದದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಒಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನು ಸಿವಂಗಿಯ ಮಾತು. ಜಿಂಕೆಯನ್ನು ಓಡಿ ಹಿಡಿಯಬಲ್ಲ ಆ ಬೇಟೆಚಿರತೆಯನ್ನು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸಾಕಿದ್ದ. 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದಲ್ಲಿ ಮೂರನ್ನು ಒಂದೇ ರಾತ್ರಿ ಹೊಡೆದ ಮೇಲೆ ನಮ್ಮ ದೇಶದಲ್ಲಿ ಅದರ ಸಂತತಿ ಅಳಿಯಿತೆಂದೇ ಲೆಕ್ಕ. 2022ರಲ್ಲಿ ಕುನೋ ಕಾಡಿಗೆ ಎಂಟನ್ನು ನಮೀಬಿಯದಿಂದ ತರಿಸಬೇಕಾಯಿತು. ಪದ ನಮ್ಮಲ್ಲಿಯೇ ಉಳಿದಿತ್ತು, ಪ್ರಾಣಿ ಆಫ್ರಿಕದಿಂದ ಬಂದಿತು.

ಜಿಂಕೆಗೆ ಕೇಡು ಬಂದದ್ದು ಗಾಡಿಯಿಂದಲ್ಲ, ಜೀಪಿನಿಂದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜೀಪುಗಳು ಊರೂರಿಗೆ ಬಂದವು. ರಾತ್ರಿ ಪ್ರಖರವಾದ ದೀಪ ಬಿಟ್ಟರೆ ಜಿಂಕೆ ಕಣ್ಣು ಕೋರೈಸಿ ನಿಂತಲ್ಲೇ ನಿಲ್ಲುತ್ತದೆ. ಹೆಜ್ಜೆ ನೋಡುವವರು ಬೇಡ, ಸುತ್ತು ಹಾಕುವುದು ಬೇಡ. ಗಂಡು ಹೆಣ್ಣೆಂಬ ವಿವೇಚನೆಯೂ ಬೇಡ. ಜೊತೆಗೆ ಕಾವಲುಗಳನ್ನು ಉತ್ತು ಹೊಲ ಮಾಡಿದರು, ನೀಲಗಿರಿ ನೆಟ್ಟರು. ಚಳ್ಳಕೆರೆ ಕಡೆಯ ದೊಡ್ಡ ಕಾವಲುಗಳಲ್ಲಿ ಈಚೆಗೆ ವಿಜ್ಞಾನ ಸಂಸ್ಥೆಗಳು ಬಂದಿವೆ. ವಿಮಾನ ಪರೀಕ್ಷಿಸುವ ನೆಲೆಯೊಂದು 2017ರಲ್ಲಿ ಆರಂಭವಾಯಿತು. ದೇಶಕ್ಕೆ ಅವು ಬೇಕೆನ್ನುವವರೊಡನೆ ನನಗೆ ವಾದವಿಲ್ಲ. ಹುಲ್ಲು ಬೆಳೆದ ನೆಲವನ್ನು ಬರಡು ಎಂದು ಕರೆಯುವುದನ್ನು ಮಾತ್ರ ನಾನು ಒಪ್ಪಲಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೃಷ್ಣಮೃಗವನ್ನು ಮೊದಲ ಅನುಸೂಚಿಯಲ್ಲಿಟ್ಟು ಬೇಟೆಯನ್ನು ನಿಷೇಧಿಸಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕೆಂದೇ ಅಭಯಾರಣ್ಯವಾಯಿತು. ಉಳಿದ ಪ್ರಾಣಿಗಳ ಬೇಟೆಗೆ ಪರವಾನಗಿ ಕೊಡುವುದನ್ನು 1991ರ ತಿದ್ದುಪಡಿ ನಿಲ್ಲಿಸಿತು. ಅದೇ 1991ರಲ್ಲಿ ದಕ್ಷಿಣ ಆಫ್ರಿಕ ಮಾಡಿದ ಕಾನೂನಿನಂತೆ, ಸರಿಯಾಗಿ ಬೇಲಿ ಹಾಕಿದ ಜಮೀನಿನ ಮೃಗ ಜಮೀನಿನವನ ಸೊತ್ತು. ನನ್ನ ವಿದ್ಯಾರ್ಥಿ ಕಂಡ ಹಣದ ಪಟ್ಟಿಯ ಮೂಲ ಅಲ್ಲಿದೆ. ಅಲ್ಲಿ ಅದರಿಂದ ಪ್ರಾಣಿಗಳ ಸಂಖ್ಯೆ ಹೆಚ್ಚಿತೆಂದು ಹೇಳುವವರಿದ್ದಾರೆ; ಆ ಮಾತನ್ನು ತಳ್ಳಿಹಾಕುವುದೂ ಸುಲಭವಲ್ಲ. ನಮ್ಮ ಕೃಷ್ಣಮೃಗವೇ 1932ರ ಸುಮಾರಿಗೆ ಅಮೆರಿಕದ ಟೆಕ್ಸಾಸ್ ಸೇರಿ ಅಲ್ಲಿ ಸಾವಿರಾರು ಆಗಿದೆ. ಹಣ ತೆತ್ತವರು ಅದನ್ನು ಅಲ್ಲಿ ಇಂದಿಗೂ ಹೊಡೆಯಬಹುದು.

ಗೋಡೆಯ ಮೇಲಿನ ಕೊಂಬಿಗೆ ಹಿಂತಿರುಗುತ್ತೇನೆ. ನಾನು ಉಪಾಧ್ಯಾಯನಾದ ಹೊಸದರಲ್ಲಿ, ವಿಜ್ಞಾನದ ಮೇಷ್ಟ್ರು ಪಕ್ಕದ ಕೋಣೆಯಲ್ಲಿ ಪಾಠ ಹೇಳುತ್ತಿದ್ದುದು ಕಿವಿಗೆ ಬಿತ್ತು. ಚುಕ್ಕೆ ಜಿಂಕೆ, ಕಡವೆಗಳ ಕೊಂಬು ಕಾಲಕಾಲಕ್ಕೆ ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗದ ಕೊಂಬು ದನದ ಕೊಂಬಿನಂತೆ, ಬದುಕಿರುವವರೆಗೆ ಉದುರುವುದಿಲ್ಲ. ಆ ಭಾನುವಾರ ಊರಿಗೆ ಹೋದವನು ದೊಡ್ಡಪ್ಪನವರನ್ನು ಕೇಳಿಯೇಬಿಟ್ಟೆ. ಆಗ ಅವರಿಗೆ ಎಂಬತ್ತರ ಹತ್ತಿರ. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಗಾಡಿ ಮರೆಯಾಗೆ ಹೊಡೆದಿದ್ರೆ ಹೇಳ್ತಿದ್ದೆ ಕಣಪ್ಪಾ. ಅದು ಜೀಪಿನಾಗೆ ಹೊಡೆದದ್ದು" ಎಂದರು.

1966ರಲ್ಲಿ ಪೇಟೆಯವರು ಯಾರೋ ಜೀಪು ತಂದಿದ್ದರು. ಒಂದೇ ರಾತ್ರಿ ಏಳು. ಅದರಲ್ಲಿ ಐದು ಹೆಣ್ಣು, ಒಂದರ ಹೊಟ್ಟೆಯಲ್ಲಿ ಮರಿಯಿತ್ತು. ಹೆಜ್ಜೆ ನೋಡುವ ಹಿರಿಯರು ಬೆಳಿಗ್ಗೆ ಬಂದು ಜೀಪಿನೊಳಗೆ ನೋಡಿ, ಪಾಲು ಮುಟ್ಟದೆ ಹೋದವರು ಮತ್ತೆ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲವಂತೆ. ದೊಡ್ಡಪ್ಪನವರು ಕೋವಿಯನ್ನು ಅಟ್ಟಕ್ಕೆ ಹಾಕಿದ್ದು ಅಂದೇ. ಕಾಯಿದೆ ಬಂದದ್ದು ಆರು ವರ್ಷದ ಮೇಲೆ. ಕೊಂಬನ್ನು ಮಾತ್ರ ಏಕೆ ಇಟ್ಟುಕೊಂಡಿರಿ ಎಂದು ನಾನು ಕೇಳಲಿಲ್ಲ.

ಇಂಥ ವಸ್ತುಗಳನ್ನು ಇಟ್ಟುಕೊಂಡವರು ತಿಳಿಸಬೇಕೆಂದು 2003ರಲ್ಲಿ ಒಂದು ಅವಕಾಶ ಬಂದಿತ್ತು. ದೊಡ್ಡಪ್ಪನವರು ಆಗ ಇರಲಿಲ್ಲ, ನಾವೂ ಸುಮ್ಮನಿದ್ದೆವು. 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಒಪ್ಪಿಸಲು ಮೂರು ತಿಂಗಳ ಅವಧಿಯನ್ನು ಪ್ರಕಟಿಸಿದಾಗ, ಕೊಂಬನ್ನು ಗೋಡೆಯಿಂದ ಇಳಿಸಿ, ಹಳೆಯ ಪಂಚೆಯಲ್ಲಿ ಸುತ್ತಿ ಅರಣ್ಯ ಕಚೇರಿಗೆ ತೆಗೆದುಕೊಂಡು ಹೋದೆ. ಅರ್ಜಿಯಲ್ಲಿ ನಡೆದದ್ದನ್ನು ನಡೆದಂತೆಯೇ ಬರೆದಿದ್ದೆ: ಜೀಪು, ದೀಪ, ಏಳು ಜಿಂಕೆ. ಗುಮಾಸ್ತರು ಓದಿ, "ಇಷ್ಟೆಲ್ಲಾ ಯಾಕೆ ಸಾರ್, ಹಿರಿಯರಿಂದ ಬಂದದ್ದು ಅಂತ ಬರೆದರೆ ಸಾಕಿತ್ತು" ಎಂದರು. ಬೇರೆ ಹಾಳೆ ಕೊಡಲೇ ಎಂದೂ ಕೇಳಿದರು. ಬೇಡ, ಅದೇ ಇರಲಿ ಎಂದೆ. ಅವರು ಕೊಂಬುಗಳನ್ನು ಟೇಪು ಹಿಡಿದು ಅಳೆದು, ಸಂಖ್ಯೆ ಹಾಕಿ ರಸೀದಿ ಬರೆದುಕೊಟ್ಟರು.