ವಿಡಾಲ್ ಚೀಟಿ ಹೇಳುವುದೆಷ್ಟು?

ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಮನೆಯವರು ‘ಎಲ್ಲರಿಗೂ ತಿಳಿಯುವಂತೆ ಮಾತಾಡಿ’ ಎಂದಿದ್ದಾರೆ. ಹಾಗಾಗಿ ಒಂದು ಲ್ಯಾಬ್ ಚೀಟಿಯಿಂದಲೇ ಶುರು ಮಾಡುತ್ತೇನೆ.

ಮಲೆನಾಡಿನ ರೈತರೊಬ್ಬರು ಬಂದಿದ್ದರು, ಅರವತ್ತರ ಆಸುಪಾಸು. ಹತ್ತು ದಿನದ ಜ್ವರ. ಜೇಬಿನಲ್ಲಿ ನಾಲ್ಕಾಗಿ ಮಡಚಿದ ವಿಡಾಲ್ ರಿಪೋರ್ಟು, ‘1:160’ ಎಂಬ ಪಾಸಿಟಿವ್ ಅಂಕಿಯ ಕೆಳಗೆ ಕೆಂಪು ಗೆರೆ. ಟೈಫಾಯ್ಡ್ ಎಂದು ಆರು ದಿನ ಇಂಜೆಕ್ಷನ್ ಆಗಿತ್ತು, ಜ್ವರ ಜಗ್ಗಿರಲಿಲ್ಲ.

ಈ ಪರೀಕ್ಷೆಯನ್ನು ಫ್ರಾನ್ಸಿನ ವೈದ್ಯ ವಿಡಾಲ್ ವಿವರಿಸಿದ್ದು 1896ರಲ್ಲಿ. ರೋಗಿಯ ಸೀರಮ್ಮಿಗೆ ಟೈಫಾಯ್ಡ್ ಬ್ಯಾಕ್ಟೀರಿಯಾ ಸೇರಿಸಿದರೆ ಅವು ಒಡೆದ ಹಾಲಿನಂತೆ ಗಂಟುಗಟ್ಟುತ್ತವೆ, ಅಷ್ಟೇ. ಆದರೆ ಎಂದೋ ಬಂದುಹೋದ ಸೋಂಕು, ಹಾಕಿಸಿಕೊಂಡ ಲಸಿಕೆ, ಅದೇ ಜಾತಿಯ ಬೇರೆ ಬ್ಯಾಕ್ಟೀರಿಯಾ ಕೂಡ ಹೀಗೆ ಗಂಟು ಕಟ್ಟಿಸಬಲ್ಲವು.

ಲೆಕ್ಕಕ್ಕೆಂದು ಇಟ್ಟುಕೊಳ್ಳೋಣ: ಜ್ವರದ 100 ಜನರಲ್ಲಿ 10 ಮಂದಿಗೆ ನಿಜವಾಗಿ ಟೈಫಾಯ್ಡ್. ಪರೀಕ್ಷೆ ಆ ಹತ್ತರಲ್ಲಿ ಏಳನ್ನು ಹಿಡಿಯುತ್ತದೆ. ಉಳಿದ 90ರಲ್ಲಿ ಐವರಿಗೊಬ್ಬರಂತೆ 18 ಜನರನ್ನು ಸುಮ್ಮನೆ ‘ಪಾಸಿಟಿವ್’ ಎನ್ನುತ್ತದೆ. ಅಂದರೆ 25 ಪಾಸಿಟಿವ್ ಚೀಟಿಗಳಲ್ಲಿ ದಿಟವಾದವು ಏಳೇ. ನೂರಕ್ಕೆ 50 ಮಂದಿಗೆ ರೋಗವಿರುವ ಕಡೆ ಇದೇ ಪರೀಕ್ಷೆ ಮಾಡಿ, 45 ಪಾಸಿಟಿವ್‌ಗಳಲ್ಲಿ 35 ನಿಜ. ಪರೀಕ್ಷೆ ಬದಲಾಗಿಲ್ಲ, ಮೊದಲಿನ ಅನುಮಾನದ ತೂಕ ಬದಲಾಗಿದೆ. ಈ ಲೆಕ್ಕದಲ್ಲಿ ದೊಡ್ಡವರೂ ಎಡವುತ್ತಾರೆ: ಸಾವಿರಕ್ಕೊಬ್ಬರಿಗೆ ಬರುವ ರೋಗದ ಬಗ್ಗೆ ಇಂಥದ್ದೇ ಪ್ರಶ್ನೆಯನ್ನು ಹಾರ್ವರ್ಡ್‌ನಲ್ಲಿ 60 ವೈದ್ಯರು, ವಿದ್ಯಾರ್ಥಿಗಳ ಮುಂದಿಟ್ಟಾಗ ಸರಿಯುತ್ತರ ಕೊಟ್ಟವರು 11 ಮಂದಿ. ಅದು ಅಚ್ಚಾದದ್ದು 1978ರಲ್ಲಿ.

ಹಾಗಾದರೆ ಪರೀಕ್ಷೆಯನ್ನು ಎಷ್ಟು ನಂಬಬಹುದೆಂದು ಸಂಶೋಧನಾ ಲೇಖನ ತೆಗೆದು ಓದಿದರಾಯಿತಲ್ಲ? ಓದಬೇಕು, ಆದರೆ ನಾನು ಮೊದಲು ನೋಡುವುದು ಯಾರನ್ನು ಯಾರ ಜೊತೆ ಹೋಲಿಸಿದ್ದಾರೆ ಎಂಬುದನ್ನು. ಟೈಫಾಯ್ಡ್ ರೋಗಿಗಳನ್ನು ಗಟ್ಟಿಮುಟ್ಟಾದ ವಿದ್ಯಾರ್ಥಿಗಳೊಂದಿಗೆ ಹೋಲಿಸಿದರೆ ಯಾವ ಪರೀಕ್ಷೆಯಾದರೂ ಮಿಂಚುತ್ತದೆ. ನನ್ನ ಎದುರು ಆರೋಗ್ಯವಂತರು ಬರುವುದಿಲ್ಲವಲ್ಲ! ನನ್ನ ಮುಂದಿರುವ ಪ್ರಶ್ನೆ ಟೈಫಾಯ್ಡೋ, ಡೆಂಗಿಯೋ, ಇಲಿಜ್ವರವೋ, ಶಿವಮೊಗ್ಗದ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯೋ ಎಂಬುದು. ಇನ್ನು ಇಂಥ ಲೇಖನಗಳಲ್ಲಿ ಹೋಲಿಕೆಗೆ ಆಧಾರವಾದ, ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಕೂಡ ಟೈಫಾಯ್ಡ್ ಇರುವವರಲ್ಲಿ ನೂರಕ್ಕೆ ಸುಮಾರು 60 ಜನರನ್ನಷ್ಟೇ ಹಿಡಿಯುತ್ತದೆ. ಅಳೆಯುವ ಸೇರೇ ತೂತು.

ರೈತರಿಗೆ ಅಂಗಿ ಬಿಚ್ಚಿ, ಪಂಚೆ ಸಡಿಲಿಸಿ ಎಂದೆ. ಸಂಕೋಚಪಟ್ಟರು. ಉಡಿದಾರದ ಅಡಿಯಲ್ಲಿ, ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ, ಸುತ್ತ ಕೆಂಪು, ನೋವಿಲ್ಲ, ತುರಿಕೆಯಿಲ್ಲ. ಸ್ಕ್ರಬ್ ಟೈಫಸ್. ನುಸಿಯ ಮರಿ ಕಚ್ಚಿದ ಜಾಗ ಅದು. ಈ ಗುರುತು ಎಷ್ಟೋ ರೋಗಿಗಳಲ್ಲಿ ಇರುವುದೇ ಇಲ್ಲ. ಆದ್ದರಿಂದ ಕಾಣಲಿಲ್ಲವೆಂದು ರೋಗವನ್ನು ತಳ್ಳಿಹಾಕುವಂತಿಲ್ಲ. ಕಂಡರೆ ಮಾತ್ರ, ಹತ್ತು ಚೀಟಿಗಿಂತ ಗಟ್ಟಿ ಸಾಕ್ಷಿ. ಖರ್ಚು? ಒಂದು ಟಾರ್ಚು.

ಡಾಕ್ಸಿಸೈಕ್ಲಿನ್ ಕೊಟ್ಟ ಎರಡನೇ ದಿನಕ್ಕೆ ಜ್ವರ ಬಿಟ್ಟಿತು. ಹೊರಡುವಾಗ ಅವರು ಕೇಳಿದರು:

“ಹಂಗಾರೆ ಆ ರಿಪೋರ್ಟು ಸುಳ್ಳಾ ಡಾಕ್ಟ್ರೇ?”

“ಸುಳ್ಳು ಅಂತಲ್ಲ ಯಜಮಾನ್ರೇ. ಹಿಂದೆ ಯಾವಾಗಾದ್ರೂ ಟೈಫಾಯ್ಡ್ ಬಂದಿದ್ರೂ ಹಂಗೆ ತೋರಿಸುತ್ತೆ.”

“ಹೋದ ವರ್ಷ ಬಂದಿತ್ತಲ್ಲ, ಹದಿನೈದು ದಿನ ಮಲಗಿದ್ದೆ. ಯಾರೂ ಕೇಳ್ಲೇ ಇಲ್ಲ.”

ನಾನೂ ಕೇಳಿರಲಿಲ್ಲ.