ಕಬ್ಬಿನ ಸಿಹಿ ಎಲ್ಲಿ ಹೋಯಿತು?

(ರೈತರ ಸಭೆಯಲ್ಲಿ ಆಡಿದ ಮಾತು)



ನಾನು ವಿಜ್ಞಾನಿಯಲ್ಲ, ಹೈಸ್ಕೂಲು ಮುಗಿಸಿ ಗದ್ದೆಗೆ ಇಳಿದವನು. ಆದರೆ ಕಬ್ಬಿಗೆ ಸಿಹಿ ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ ಅನ್ನೋದು ನಮಗೆ ನಿಮಗೆ ಗೊತ್ತಿರಲೇಬೇಕು. ನಮ್ಮ ಬೆಲೆ ನಿಂತಿರೋದೇ ಅದರ ಮೇಲೆ.

2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ದರ ಕ್ವಿಂಟಾಲಿಗೆ 355 ರೂಪಾಯಿ. ಅದೂ ನೂರು ಕಿಲೋ ಕಬ್ಬಿಗೆ ಹತ್ತೂಕಾಲು ಕಿಲೋ ಸಕ್ಕರೆ ಬಂದರೆ ಮಾತ್ರ. ಅದಕ್ಕಿಂತ 0.1 ಇಳಿದರೆ 3 ರೂ. 46 ಪೈಸೆ ಕಡಿತ. ರಿಕವರಿ 9.5ಕ್ಕಿಂತ ಕೆಳಗೆ ಹೋದರೆ ಮಾತ್ರ 329 ರೂ. 5 ಪೈಸೆಗೆ ಕಡಿತ ನಿಲ್ಲುತ್ತೆ. ಅರ್ಧ ಪರ್ಸೆಂಟ್ ಇಳಿಯಿತು ಅನ್ನಿ, ಟನ್ನಿಗೆ 173 ರೂಪಾಯಿ ಹೋಯಿತು. ಎಕರೆಗೆ 40 ಟನ್ ಬೆಳೆದವನಿಗೆ 6,920 ರೂಪಾಯಿ! ಗೊಬ್ಬರದಂಗಡಿ ಬಾಕಿಗೆ ಆಗುತ್ತಿದ್ದ ದುಡ್ಡು. ಇದು ನಿಮ್ಮೊಬ್ಬರ ಗದ್ದೆಯ ಲೆಕ್ಕವೂ ಅಲ್ಲ, ಇಡೀ ಕಾರ್ಖಾನೆಯ ಸರಾಸರಿ.

ಕಬ್ಬು ಬೆಳೆಯೋದಕ್ಕೆ ಸೆಖೆ ಬೇಕು, ನೀರು ಬೇಕು. ಸಿಹಿ ಕಟ್ಟೋದಕ್ಕೆ ಇದಕ್ಕೆ ತದ್ವಿರುದ್ಧ. ಹಗಲು ಒಳ್ಳೆ ಬಿಸಿಲು, ರಾತ್ರಿ ಚಳಿ, ಭೂಮಿಯಲ್ಲಿ ತೇವ ಕಡಿಮೆ. ಆಗ ಕಬ್ಬು ಉದ್ದ ಹೋಗೋದು ನಿಲ್ಲುತ್ತೆ, ಎಲೆ ಮಾಡಿದ ಸಕ್ಕರೆ ಖರ್ಚಾಗದೆ ಜಲ್ಲೆಯಲ್ಲಿ ಕೂರುತ್ತೆ. ಬೆಳಗಾವಿ, ಬಾಗಲಕೋಟೆ ಕಡೆ ನಮ್ಮ ಮಂಡ್ಯಕ್ಕಿಂತ ರಿಕವರಿ ಹೆಚ್ಚು ಬರೋದಕ್ಕೆ ಅಲ್ಲಿನ ಒಣ ಚಳಿ ಒಂದು ಮುಖ್ಯ ಕಾರಣ. ನಮ್ಮಲ್ಲಿ ಮಳೆಗಾಲದಲ್ಲೂ ಕಬ್ಬು ನುರಿಸೋದುಂಟು. ಮಾಗಿದ ಕಬ್ಬಿನ ಮೇಲೆ ಮಳೆ ಹುಯ್ದರೆ ಅದು ಮತ್ತೆ ಚಿಗುರೋದಕ್ಕೆ ಹೊರಟು, ಕೂಡಿಟ್ಟ ಸಕ್ಕರೆಯನ್ನ ತಾನೇ ತಿನ್ನುತ್ತೆ. ಮಗಳ ಮದುವೆಗೆ ಇಟ್ಟ ದುಡ್ಡು ಆಸ್ಪತ್ರೆಗೆ ಸುರಿದ ಹಾಗೆ.

ಮಳೆಯನ್ನ ಯಾರೂ ಕೇಳೋಕಾಗಲ್ಲ, ಸರಿ. ಆದರೆ ಒಂದು ವರ್ಷ ನನ್ನ ಕಬ್ಬಿಗೆ ಹದಿನಾಲ್ಕು ತಿಂಗಳಾದರೂ ಕಟಾವಿಗೆ ಆರ್ಡರ್ ಬರಲಿಲ್ಲ. ಸೂಲಂಗಿ ಬಂತು, ಚಳಿ ಹೋಯಿತು. ಏಪ್ರಿಲ್ಲಿನಲ್ಲಿ ಕಡಿಸಿದರು. ಗಾಡಿ ಕಾರ್ಖಾನೆ ಬಾಗಿಲಲ್ಲಿ ಮೂರು ದಿನ ಬಿಸಿಲಿಗೆ ನಿಂತಿತ್ತು. ಕಡಿದ ಕಬ್ಬಿನಲ್ಲಿ ಸಕ್ಕರೆ ಒಡೀತಾ ಹೋಗುತ್ತೆ, ಸೆಖೆ ಹೆಚ್ಚಿದಷ್ಟೂ ಬೇಗ. ನಾಲಿಗೆಗೆ ಸಿಹಿಯೇ, ಆದರೆ ಹರಳು ಕಟ್ಟಲ್ಲ. ತೂಕವೂ ಒಣಗುತ್ತೆ. ಕೊನೆಗೆ ಅಲ್ಲಿನವರು ಹೇಳಿದ್ದೇನು ಗೊತ್ತೇ? “ಈ ಸಲ ಹವಾಮಾನ ಸರಿಯಿಲ್ಲ ಗೌಡ್ರೇ, ನಿಮ್ಮ ಕಡೆ ಕಬ್ಬಿಗೆ ಸಕ್ಕರೆಯೇ ಇಲ್ಲ.”

ಅವತ್ತು ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ನೀವು ಹಾಗೆ ಮಾಡಬೇಡಿ. ನಾಟಿ ದಿನ, ಮಳೆ ಬಿದ್ದ ದಿನ, ಕಡಿದ ದಿನ, ಗಾಡಿ ನಿಂತ ಹೊತ್ತು, ತೂಕವಾದ ಹೊತ್ತು ಬರೆದಿಡಿ. ಬ್ರಿಕ್ಸ್ ನೋಡುವ ಕೈಮೀಟರು ಊರಿಗೊಂದು ತನ್ನಿ. ತುದಿ ಗಣ್ಣಿನ ರಸ, ಬುಡದ ರಸ ಎರಡನ್ನೂ ನೋಡಿ; ಎರಡೂ ಹತ್ತಿರ ಹತ್ತಿರ ಬಂದರೆ ಕಬ್ಬು ಮಾಗಿದೆ, ಅವತ್ತೇ ಕಟಾವಿಗೆ ಅರ್ಜಿ ಕೊಟ್ಟು ರಸೀದಿ ಕೇಳಿ. ಮುಂದಿನ ಸಭೆಗೆ ಬರುವಾಗ ಆ ಪುಸ್ತಕ, ಆ ರಸೀದಿ ಎರಡೂ ತನ್ನಿ.